ಹಳೆಯ ಮೊಬೈಲಿನಲ್ಲಿ ಉಳಿದ ವ್ಯಾಪಾರದ ಲೆಕ್ಕ: ಯುಎಸ್‌ಬಿ ಡ್ರೈವರ್ ಹುಡುಕುವ ಬಗೆ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿರುವ ತಂಗಡಗಿಯನ್ನು ನಾಡಿನ ಜನ ಬಲ್ಲದ್ದು ಶರಣೆ ನೀಲಾಂಬಿಕೆ ಹಾಗೂ ಹಡಪದ ಅಪ್ಪಣ್ಣನವರ ಸ್ಮರಣೆಯ ಕ್ಷೇತ್ರವೆಂದು. ವರ್ತಕರ ದೃಷ್ಟಿಯಲ್ಲಿ ಮಾತ್ರ ಅದು ಜೋಳ, ತೊಗರಿ, ಕಡಲೆ, ಸೂರ್ಯಕಾಂತಿ ಬೆಳೆಯುವ ಸೀಮೆಯ ಒಂದು ಊರು. ಇಂಥ ಊರುಗಳ ಕಿರಾಣಿ ವ್ಯಾಪಾರಿಗೆ, ಧಾನ್ಯ ಖರೀದಿದಾರನಿಗೆ, ಸಣ್ಣ ಗಿರಣಿಯ ಮಾಲೀಕನಿಗೆ ಮುದ್ದೇಬಿಹಾಳ, ತಾಳಿಕೋಟೆ, ವಿಜಯಪುರ, ಬಾಗಲಕೋಟೆಗಳ ಪೇಟೆಧಾರಣೆಯನ್ನು ತಿಳಿಯುವುದು ನಿತ್ಯದ ಅಗತ್ಯ. ಒಂದು ಕಾಲಕ್ಕೆ ಈ ಧಾರಣೆ ಬಸ್ಸಿನಲ್ಲಿ ಬಂದವರ ಬಾಯಿಮಾತಿನಿಂದ ತಿಳಿಯುತ್ತಿತ್ತು. ನಂತರ ಟ್ರಂಕ್ ಕಾಲ್, ಎಸ್‌ಟಿಡಿ ಬೂತುಗಳು ಬಂದವು. ಆಮೇಲೆ ಮೊಬೈಲ್ ದೂರವಾಣಿ ಬಂದಿತು.

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರ ಜುಲೈ 31ರಂದು. ಆದರೆ ಅದು ಗ್ರಾಮೀಣ ವರ್ತಕನ ಕೈಗೆ ಎಟುಕಿದ್ದು 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಆರಂಭಿಸಿ, 2003ರಲ್ಲಿ ರಿಲಯನ್ಸ್ ಅಗ್ಗದ ದರದ ಸಿಡಿಎಂಎ ದೂರವಾಣಿಗಳನ್ನು ಮಾರುಕಟ್ಟೆಗೆ ತಂದ ಬಳಿಕ. ಅದೇ 2003ರಲ್ಲಿ ಬಂದ ನೋಕಿಯಾ 1100 ದೇಶದಾದ್ಯಂತ ಮನೆಮಾತಾಯಿತು. ಅಂದಿನಿಂದ ಸುಮಾರು ಹತ್ತು ವರ್ಷಗಳ ಕಾಲ ವ್ಯಾಪಾರಿಯ ಜೇಬಿನ ಸಣ್ಣ ಪುಸ್ತಕ ಮಾಡುತ್ತಿದ್ದ ಕೆಲಸವನ್ನು ಮೊಬೈಲೇ ಮಾಡಿತು. ದಲಾಲರ, ಲಾರಿ ಮಾಲೀಕರ, ರೈತರ ದೂರವಾಣಿ ಸಂಖ್ಯೆಗಳು, ಒಪ್ಪಿದ ದರವನ್ನು ದೃಢೀಕರಿಸುವ ಸಂದೇಶಗಳು, ಹಣ ಜಮೆಯಾದ ಬಗ್ಗೆ ಬ್ಯಾಂಕಿನಿಂದ ಬಂದ ಸೂಚನೆಗಳು, ಮಾಲಿನ ಛಾಯಾಚಿತ್ರಗಳು, ಇವೆಲ್ಲವೂ ಅದರೊಳಗೆ ಸೇರಿದವು.

ಈಗ ಆ ದೂರವಾಣಿಗಳು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಬಿದ್ದಿವೆ. ತಂದೆ ನಡೆಸುತ್ತಿದ್ದ ಅಂಗಡಿಯನ್ನು ಮಗ ವಹಿಸಿಕೊಂಡಾಗ, ಹಳೆಯ ಬಾಕಿಯ ಲೆಕ್ಕ ಕೂಡಿಸಬೇಕಾದಾಗ, ಪಾಲುದಾರರ ನಡುವೆ ಹಿಂದಿನ ವ್ಯವಹಾರದ ಪ್ರಶ್ನೆ ಎದ್ದಾಗ ಆ ಖಾನೆ ತೆರೆಯುತ್ತದೆ. ದೂರವಾಣಿಗೆ ಚಾರ್ಜ್ ಹಾಕಿದರೆ ಅದು ಜೀವ ಪಡೆಯುವುದೂ ಉಂಟು. ಆದರೆ ಕೇಬಲ್ಲಿನ ಮೂಲಕ ಗಣಕಯಂತ್ರಕ್ಕೆ ಜೋಡಿಸಿದಾಗ ಪರದೆಯ ಮೇಲೆ ಮೂಡುವುದು ಒಂದೇ ಮಾತು: ಈ ಸಾಧನಕ್ಕೆ ಡ್ರೈವರ್ ದೊರೆಯಲಿಲ್ಲ.

ಡ್ರೈವರ್ ಎಂದರೇನು

ಯುಎಸ್‌ಬಿ ಎಂಬ ಜೋಡಣಾ ಪದ್ಧತಿಯ ಮೊದಲ ಆವೃತ್ತಿ 1996ರಲ್ಲಿ ಬಂದಿತು. ಸಾಧನವನ್ನು ಚುಚ್ಚಿದ ಕೂಡಲೆ ಅದು ತನ್ನ ತಯಾರಕನ ಸಂಖ್ಯೆಯನ್ನೂ ತನ್ನ ಮಾದರಿಯ ಸಂಖ್ಯೆಯನ್ನೂ ಗಣಕಯಂತ್ರಕ್ಕೆ ತಿಳಿಸುತ್ತದೆ. ಆ ಎರಡು ಸಂಖ್ಯೆಗಳಿಗೆ ಹೊಂದುವ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ತನ್ನಲ್ಲಿದೆಯೇ ಎಂದು ಗಣಕಯಂತ್ರ ಹುಡುಕುತ್ತದೆ. ಇದ್ದರೆ ಸಂಭಾಷಣೆ ಆರಂಭವಾಗುತ್ತದೆ. ಇಲ್ಲದಿದ್ದರೆ ಇಬ್ಬರು ವ್ಯಾಪಾರಿಗಳು ದುಭಾಷಿಯಿಲ್ಲದೆ ಎದುರುಬದುರು ಕುಳಿತಂತೆ.

ಪೆನ್‌ಡ್ರೈವ್, ಕೀಲಿಮಣೆ, ಮೌಸ್ ಮುಂತಾದವುಗಳಿಗೆ ಎಲ್ಲರೂ ಒಪ್ಪಿದ ಸಾಮಾನ್ಯ ನಿಯಮಗಳಿರುವುದರಿಂದ ಅವುಗಳ ಡ್ರೈವರ್ ವಿಂಡೋಸ್‌ನಲ್ಲಿಯೇ ಅಡಕವಾಗಿದೆ. ಹಳೆಯ ಮೊಬೈಲುಗಳ ಸಂಗತಿ ಹಾಗಲ್ಲ. ಪ್ರತಿಯೊಂದು ಸಂಸ್ಥೆಯೂ ತನ್ನದೇ ಕೇಬಲ್, ತನ್ನದೇ ಡ್ರೈವರ್, ತನ್ನದೇ ತಂತ್ರಾಂಶವನ್ನು ರೂಪಿಸಿಕೊಂಡಿತ್ತು. ನೋಕಿಯಾಕ್ಕೆ ಪಿಸಿ ಸೂಟ್, ಸ್ಯಾಮ್‌ಸಂಗ್‌ಗೆ ಪಿಸಿ ಸ್ಟುಡಿಯೋ ಮತ್ತು ನಂತರ ಕೀಸ್, ಮೊಟೊರೋಲಾಕ್ಕೆ ಫೋನ್ ಟೂಲ್ಸ್, ಸೋನಿ ಎರಿಕ್ಸನ್‌ಗೆ ಅದರದೇ ಪಿಸಿ ಸೂಟ್ ಬೇಕಾಗಿತ್ತು.

ಕೇಬಲ್ಲಿನೊಳಗಿನ ವ್ಯತ್ಯಾಸ

ವರ್ತಕರು ಹೆಚ್ಚಾಗಿ ಎಡವುವುದು ಇಲ್ಲಿ. ಹೊರನೋಟಕ್ಕೆ ಎಲ್ಲ ಕೇಬಲ್ಲುಗಳೂ ಒಂದೇ ತೆರನಾಗಿ ಕಂಡರೂ ಅವುಗಳಲ್ಲಿ ಎರಡು ಜಾತಿಗಳಿವೆ.

ಮೊದಲನೆಯದು ಬರಿಯ ತಂತಿ. ಯುಎಸ್‌ಬಿ ವಿದ್ಯುನ್ಮಾನ ವ್ಯವಸ್ಥೆ ದೂರವಾಣಿಯೊಳಗೇ ಇರುತ್ತದೆ. ನೋಕಿಯಾ 6230, 6630 ಮುಂತಾದ ಮಾದರಿಗಳಿಗೆ ಬಳಸುತ್ತಿದ್ದ ಡಿಕೆಯು-2 ಕೇಬಲ್ ಈ ಜಾತಿಗೆ ಸೇರಿದ್ದು. ಇಲ್ಲಿ ಬೇಕಾಗುವುದು ದೂರವಾಣಿ ತಯಾರಕರ ಡ್ರೈವರ್.

ಎರಡನೆಯದರಲ್ಲಿ ದೂರವಾಣಿಗೆ ಯುಎಸ್‌ಬಿ ಭಾಷೆ ತಿಳಿಯದು. ಅದು ಹಳೆಯ ಸೀರಿಯಲ್ ಪದ್ಧತಿಯಲ್ಲಿ ಮಾತನಾಡುತ್ತದೆ. ಅದನ್ನು ಯುಎಸ್‌ಬಿಗೆ ಪರಿವರ್ತಿಸುವ ಪುಟ್ಟ ಚಿಪ್ಪು ಕೇಬಲ್ಲಿನ ತುದಿಯ ಉಬ್ಬಿದ ಭಾಗದಲ್ಲಿ ಅಡಗಿರುತ್ತದೆ. ನೋಕಿಯಾ 3100, 6100, 6610 ಮಾದರಿಗಳಿಗೆ ಬಳಕೆಯಾದ ಡಿಕೆಯು-5 ಹಾಗೂ ಸಿಎ-42 ಕೇಬಲ್ಲುಗಳು ಈ ಜಾತಿಯವು. ಇಲ್ಲಿ ಹುಡುಕಬೇಕಾದದ್ದು ಕೇಬಲ್ಲಿನ ಚಿಪ್ಪಿನ ಡ್ರೈವರನ್ನು. ಪೇಟೆಯಲ್ಲಿ ಅಗ್ಗಕ್ಕೆ ಮಾರಾಟವಾದ ನಕಲು ಕೇಬಲ್ಲುಗಳಲ್ಲಿ ಪ್ರೊಲಿಫಿಕ್ ಸಂಸ್ಥೆಯ ಪಿಎಲ್-2303 ಚಿಪ್ಪು ಅಥವಾ ಅದರ ನಕಲು ಇರುತ್ತಿದ್ದುದು ಸಾಮಾನ್ಯ. ಇಂಥ ಕೇಬಲ್ಲಿಗೆ ನೋಕಿಯಾ ಡ್ರೈವರನ್ನು ಎಷ್ಟು ಬಾರಿ ಹಾಕಿದರೂ ಫಲವಿಲ್ಲ.

ಇನ್ನು ನೋಕಿಯಾ 1100ರಂಥ ದೂರವಾಣಿಗಳಿಗೆ ಗ್ರಾಹಕರ ಬಳಕೆಯ ಡೇಟಾ ಕೇಬಲ್ ಇರಲೇ ಇಲ್ಲ. ಬ್ಯಾಟರಿಯ ಕೆಳಗೆ ಕಾಣುವ ಚಿನ್ನದ ಬಣ್ಣದ ಬಿಂದುಗಳು ದುರಸ್ತಿಗಾರರ ಉಪಯೋಗಕ್ಕೆ ಮೀಸಲಾದವು. ಅಂಥ ದೂರವಾಣಿಗೆ ಡ್ರೈವರ್ ಹುಡುಕುತ್ತಾ ದಿನ ಕಳೆಯುವುದು ವ್ಯರ್ಥ.

ಡ್ರೈವರ್ ಏಕೆ ಸಿಗುತ್ತಿಲ್ಲ

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ತಯಾರಕರ ನಿರ್ಗಮನ. ನೋಕಿಯಾ ತನ್ನ ದೂರವಾಣಿ ವಿಭಾಗವನ್ನು 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ಗೆ ಹಸ್ತಾಂತರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ತಮಿಳುನಾಡಿನ ಶ್ರೀಪೆರಂಬುದೂರಿನ ನೋಕಿಯಾ ಕಾರ್ಖಾನೆಯೂ ಬಾಗಿಲು ಮುಚ್ಚಿತು. ಮಾಲೀಕತ್ವ ಬದಲಾದಂತೆ ಹಳೆಯ ತಂತ್ರಾಂಶಗಳ ಅಧಿಕೃತ ವಿತರಣೆ ನಿಂತಿತು.

ಎರಡನೆಯದು ಗಣಕಯಂತ್ರದ ಬದಲಾವಣೆ. ವಿಂಡೋಸ್ ಎಕ್ಸ್‌ಪಿ ಕಾಲದ ಬಹುತೇಕ ಡ್ರೈವರುಗಳು 32 ಬಿಟ್ ಗಣಕಯಂತ್ರಕ್ಕಾಗಿ ಬರೆದವು. ಇಂದಿನ ಯಂತ್ರಗಳು 64 ಬಿಟ್‌ನವು. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಕೆಲಸ ಮಾಡದು. ಇದಲ್ಲದೆ 64 ಬಿಟ್ ವಿಂಡೋಸ್ ವಿಸ್ಟಾದಿಂದ ಮುಂದಕ್ಕೆ ಡ್ರೈವರುಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು. 2016ರ ನಂತರ ಈ ನಿಯಮ ಇನ್ನಷ್ಟು ಬಿಗಿಯಾಯಿತು.

ಮೂರನೆಯದು ನಕಲು ಚಿಪ್ಪುಗಳ ವಿರುದ್ಧ ತಯಾರಕರು ಕೈಗೊಂಡ ಕ್ರಮ. ಪ್ರೊಲಿಫಿಕ್ ಸಂಸ್ಥೆ ತನ್ನ ಹಳೆಯ ಪಿಎಲ್-2303 ಚಿಪ್ಪುಗಳಿಗೆ ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಬೆಂಬಲ ನೀಡಲಿಲ್ಲ. ಪರಿಣಾಮವಾಗಿ ನಕಲು ಹಾಗೂ ಹಳೆಯ ಅಸಲು ಎರಡೂ ಚಿಪ್ಪುಗಳ ಮುಂದೆ ಹಳದಿ ಎಚ್ಚರಿಕೆಯ ಗುರುತೂ ದೋಷ ಸಂಖ್ಯೆ 10ೂ ಕಾಣಿಸತೊಡಗಿದವು. 2014ರ ಅಕ್ಟೋಬರ್‌ನಲ್ಲಿ ಎಫ್‌ಟಿಡಿಐ ಎಂಬ ಇನ್ನೊಂದು ಚಿಪ್ಪು ತಯಾರಕ ಸಂಸ್ಥೆಯ ಹೊಸ ಡ್ರೈವರ್ ನಕಲು ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಅವು ಗುರುತಾಗದಂತೆ ಮಾಡಿತು. ಬಳಕೆದಾರರ ವಿರೋಧ ಬಂದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು. ತಾನು ಕೊಂಡ ಕೇಬಲ್ ನಕಲಿಯೆಂಬುದು ತಿಳಿಯದ ಗ್ರಾಹಕನೇ ಈ ವ್ಯಾಜ್ಯದಲ್ಲಿ ನಷ್ಟ ಅನುಭವಿಸಿದನು.

ಸರಿಯಾದ ಡ್ರೈವರ್ ಗುರುತಿಸುವುದು ಹೇಗೆ

ದೂರವಾಣಿಯ ಹೆಸರು ಹಿಡಿದು ಹುಡುಕುವುದಕ್ಕಿಂತ ಅದರ ಗುರುತಿನ ಸಂಖ್ಯೆ ಹಿಡಿದು ಹುಡುಕುವುದು ಲೇಸು. ಅದರ ಕ್ರಮ ಹೀಗಿದೆ.

1. ದೂರವಾಣಿಯನ್ನು ಪೂರ್ಣ ಚಾರ್ಜ್ ಮಾಡಿ, ಚಾಲನೆಯಲ್ಲಿಟ್ಟು, ಕೇಬಲ್ ಜೋಡಿಸಬೇಕು. ದೂರವಾಣಿಯ ಪರದೆಯ ಮೇಲೆ ಆಯ್ಕೆಗಳು ಬಂದರೆ ಪಿಸಿ ಸೂಟ್ ಅಥವಾ ಕಾಮ್ ಪೋರ್ಟ್ ಎಂಬುದನ್ನು ಆರಿಸಬೇಕು.

2. ಗಣಕಯಂತ್ರದ ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತಿರುವ ಸಾಧನದ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಎಂಬ ಪುಟಕ್ಕೆ ಹೋಗಿ, ಹಾರ್ಡ್‌ವೇರ್ ಐಡಿ ಎಂಬುದನ್ನು ನೋಡಬೇಕು.

3. ಅಲ್ಲಿ ವಿಐಡಿ ಎಂಬುದರ ಮುಂದಿನ ನಾಲ್ಕು ಅಂಕಿಗಳು ತಯಾರಕರನ್ನೂ ಪಿಐಡಿ ಎಂಬುದರ ಮುಂದಿನ ನಾಲ್ಕು ಅಂಕಿಗಳು ಮಾದರಿಯನ್ನೂ ಸೂಚಿಸುತ್ತವೆ. ವಿಐಡಿ 0421 ಎಂದಿದ್ದರೆ ನೋಕಿಯಾ, 04ಇ8 ಎಂದಿದ್ದರೆ ಸ್ಯಾಮ್‌ಸಂಗ್, 1004 ಎಂದಿದ್ದರೆ ಎಲ್‌ಜಿ, 0ಇ8ಡಿ ಎಂದಿದ್ದರೆ ಮೀಡಿಯಾಟೆಕ್. 067ಬಿ ಎಂದೂ ಪಿಐಡಿ 2303 ಎಂದೂ ಕಂಡರೆ ಅದು ಪ್ರೊಲಿಫಿಕ್ ಚಿಪ್ಪಿನ ಕೇಬಲ್. 0403 ಎಂದಿದ್ದರೆ ಎಫ್‌ಟಿಡಿಐ.

4. ಈ ಸಂಖ್ಯೆಗಳನ್ನು ಬರೆದುಕೊಂಡು ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿಯೂ ಚಿಪ್ಪು ತಯಾರಕರ ಅಧಿಕೃತ ತಾಣದಲ್ಲಿಯೂ ಹುಡುಕಬೇಕು. ದೂರವಾಣಿಯ ಡಬ್ಬಿಯಲ್ಲಿ ಬಂದ ಸಿಡಿ ಇನ್ನೂ ಉಳಿದಿದ್ದರೆ ಅದಕ್ಕಿಂತ ನಂಬಲರ್ಹವಾದ ಮೂಲ ಬೇರೊಂದಿಲ್ಲ.

ಕಾರ್ಬನ್, ಮೈಕ್ರೋಮ್ಯಾಕ್ಸ್, ಲಾವಾ ಮುಂತಾದ ಹೆಸರುಗಳಲ್ಲಿ ಬಂದ ಅನೇಕ ಕೀಲಿಮಣೆಯ ದೂರವಾಣಿಗಳ ಒಳಗಿದ್ದುದು ಮೀಡಿಯಾಟೆಕ್ ಅಥವಾ ಸ್ಪ್ರೆಡ್‌ಟ್ರಮ್ ಚಿಪ್ಪು. ಹೊರಗಿನ ಹೆಸರು ಬೇರೆ ಬೇರೆಯಾದರೂ ಡ್ರೈವರ್ ಆ ಚಿಪ್ಪಿನದೇ ಎಂಬುದು ತಿಳಿದರೆ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಲೆಕ್ಕಪತ್ರದ ಯಂತ್ರದಲ್ಲಿ ಪ್ರಯೋಗ ಬೇಡ

ಉಚಿತ ಡ್ರೈವರ್ ಎಂದು ಜಾಹೀರಾತು ನೀಡುವ ತಾಣಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಅನೇಕವು ಬೇಡದ ತಂತ್ರಾಂಶವನ್ನೂ ಕೆಲವೊಮ್ಮೆ ವೈರಸ್ಸನ್ನೂ ಜೊತೆಗೆ ಕಳಿಸುತ್ತವೆ. ಡ್ರೈವರ್ ಎಂಬುದು ಗಣಕಯಂತ್ರದ ಅತ್ಯಂತ ಒಳಗಿನ ಪದರದಲ್ಲಿ ಕೆಲಸ ಮಾಡುವ ತಂತ್ರಾಂಶ. ಅದಕ್ಕೆ ಅನುಮತಿ ನೀಡುವುದೆಂದರೆ ತಿಜೋರಿಯ ಕೀಲಿಯನ್ನೇ ಕೊಟ್ಟಂತೆ. ಅದೇ ಯಂತ್ರದಲ್ಲಿ ಟ್ಯಾಲಿ ಲೆಕ್ಕಪತ್ರ, ಜಿಎಸ್‌ಟಿ ವಿವರ, ಬ್ಯಾಂಕ್ ವ್ಯವಹಾರ ಇರುವುದನ್ನು ವರ್ತಕರು ಮರೆಯಬಾರದು. ಹಳೆಯ ನೂರು ದೂರವಾಣಿ ಸಂಖ್ಯೆಗಳಿಗಾಗಿ ಇಂದಿನ ಇಡೀ ಖಾತೆಯನ್ನು ಅಪಾಯಕ್ಕೆ ಒಡ್ಡುವುದು ವಿವೇಕವಲ್ಲ.

ಕಡತವನ್ನು ತೆರೆಯುವ ಮುನ್ನ ಅದರ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟವಿದೆಯೇ, ಅಲ್ಲಿ ತಯಾರಕ ಸಂಸ್ಥೆಯ ಹೆಸರಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಸಹಿಯ ಪರಿಶೀಲನೆಯನ್ನು ನಿಲ್ಲಿಸಿ ಡ್ರೈವರ್ ಹಾಕುವಂತೆ ಸಲಹೆ ನೀಡುವವರ ಮಾತನ್ನು ಲೆಕ್ಕಪತ್ರದ ಯಂತ್ರದ ಮಟ್ಟಿಗೆ ಕೇಳಬಾರದು.

ಗೋದಾಮಿನಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವಿದ್ದರೆ ಅದನ್ನು ಗುಜರಿಗೆ ಹಾಕದಿರುವುದು ಒಳಿತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿರುವುದರಿಂದ ಅದನ್ನು ಅಂತರ್ಜಾಲಕ್ಕೆ ಜೋಡಿಸಬಾರದು. ಹಳೆಯ ದೂರವಾಣಿಯ ಕೆಲಸಕ್ಕೆ ಮಾತ್ರ ಬಳಸಬೇಕು. ಅಂಥ ಯಂತ್ರವಿಲ್ಲದವರಿಗೆ ಲಿನಕ್ಸ್ ಒಂದು ಉತ್ತಮ ಮಾರ್ಗ. ಪಿಎಲ್-2303, ಎಫ್‌ಟಿಡಿಐ ಮುಂತಾದ ಚಿಪ್ಪುಗಳ ಡ್ರೈವರುಗಳು ಲಿನಕ್ಸ್‌ನಲ್ಲಿ ಮೊದಲೇ ಅಡಕವಾಗಿರುವುದರಿಂದ ಹುಡುಕುವ ಶ್ರಮವೇ ಇಲ್ಲ. ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿದರೆ ಒಳಗಿನ ವಿಂಡೋಸ್ ಹಾಗೂ ಟ್ಯಾಲಿ ಕಡತಗಳನ್ನು ಮುಟ್ಟದೆ ಕೆಲಸ ನಡೆಯುತ್ತದೆ. ಗಮ್ಮು ಎಂಬ ಉಚಿತ ತಂತ್ರಾಂಶ ನೋಕಿಯಾ ಮತ್ತಿತರ ಅನೇಕ ಹಳೆಯ ದೂರವಾಣಿಗಳಿಂದ ವಿಳಾಸಪಟ್ಟಿಯನ್ನೂ ಸಂದೇಶಗಳನ್ನೂ ಓದಬಲ್ಲುದು.

ಡ್ರೈವರ್ ಇಲ್ಲದೆಯೂ ದಾರಿಗಳುಂಟು

ಕೇಬಲ್ ಜೋಡಣೆಗೆ ಮುನ್ನ ಸುಲಭ ದಾರಿಗಳನ್ನು ಪರಿಶೀಲಿಸುವುದು ಉಚಿತ. ದೂರವಾಣಿಯಲ್ಲಿ ಬ್ಲೂಟೂತ್ ಇದ್ದರೆ ವಿಳಾಸಗಳನ್ನು ಇಂದಿನ ಆಂಡ್ರಾಯ್ಡ್ ದೂರವಾಣಿಗೆ ನೇರವಾಗಿ ಕಳುಹಿಸಬಹುದು. ಮೆಮೊರಿ ಕಾರ್ಡ್ ಇದ್ದರೆ ಅದನ್ನು ಹೊರತೆಗೆದು ಕಾರ್ಡ್ ರೀಡರಿನಲ್ಲಿ ಹಾಕಿದರೆ ಛಾಯಾಚಿತ್ರಗಳು ಸಿಗುತ್ತವೆ; ಕೆಲವು ಮಾದರಿಗಳಲ್ಲಿ ವಿಳಾಸಪಟ್ಟಿಯನ್ನೂ ಕಾರ್ಡಿಗೆ ನಕಲು ಮಾಡುವ ಸೌಲಭ್ಯವುಂಟು. ಏನೂ ಇಲ್ಲದ ನೋಕಿಯಾ 1100ರಂಥ ದೂರವಾಣಿಯಲ್ಲಿ ವಿಳಾಸಗಳನ್ನು ಸಿಮ್ ಕಾರ್ಡಿಗೆ ನಕಲು ಮಾಡಿ, ಆ ಸಿಮ್ಮನ್ನು ಬೇರೆ ದೂರವಾಣಿಯಲ್ಲಿ ಹಾಕಿ ಓದಬಹುದು. ಸಿಮ್ಮಿನಲ್ಲಿ ಉದ್ದನೆಯ ಹೆಸರುಗಳು ಮೊಟಕಾಗುತ್ತವೆ ಎಂಬುದು ನೆನಪಿರಲಿ.

ಕಠಿಣವಾದದ್ದು ರಿಲಯನ್ಸ್ ಸಿಡಿಎಂಎ ದೂರವಾಣಿಗಳ ಸ್ಥಿತಿ. ಅವುಗಳಲ್ಲಿ ಸಿಮ್ ಕಾರ್ಡ್ ಇರದೆ ಸಂಖ್ಯೆಯನ್ನು ದೂರವಾಣಿಯೊಳಗೇ ಬರೆಯಲಾಗುತ್ತಿತ್ತು. ಆದ್ದರಿಂದ ವಿಳಾಸಪಟ್ಟಿ ದೂರವಾಣಿಯಲ್ಲಿಯೇ ಉಳಿದಿದೆ. ಆ ಸೇವೆ ನಿಂತುಹೋಗಿದ್ದರೂ ದೂರವಾಣಿ ಚಾಲೂ ಆಗುವುದಾದರೆ ಒಳಗಿನ ಹೆಸರುಗಳನ್ನು ಓದಬಹುದು. ಎಲ್‌ಜಿ ಮತ್ತು ಸ್ಯಾಮ್‌ಸಂಗ್‌ನ ಕೆಲವು ಸಿಡಿಎಂಎ ಮಾದರಿಗಳಿಗೆ ಬಿಟ್‌ಪಿಮ್ ಎಂಬ ಉಚಿತ ತಂತ್ರಾಂಶ ನೆರವಾಗುತ್ತದೆ. ಅದೂ ಆಗದಿದ್ದಲ್ಲಿ ಪರದೆಯನ್ನು ನೋಡುತ್ತಾ ಕೈಯಿಂದ ಬರೆದುಕೊಳ್ಳುವುದೇ ಉಳಿದ ದಾರಿ. ಇನ್ನೂರು ಹೆಸರುಗಳನ್ನು ಬರೆಯಲು ಒಂದು ಮಧ್ಯಾಹ್ನ ಸಾಕು. ಡ್ರೈವರ್ ಹುಡುಕಾಟ ಅದಕ್ಕಿಂತ ಹೆಚ್ಚು ಕಾಲ ನುಂಗಬಹುದು.

ಬ್ಯಾಟರಿಯ ಬಗ್ಗೆ ಒಂದು ಮಾತು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. 2007ರ ಆಗಸ್ಟ್‌ನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳ ಪೈಕಿ 4.6 ಕೋಟಿಯಷ್ಟನ್ನು ಅತಿಯಾಗಿ ಬಿಸಿಯಾಗುವ ಸಂಭವದ ಕಾರಣ ಬದಲಿಸಿಕೊಡುವುದಾಗಿ ಪ್ರಕಟಿಸಿತ್ತು. ವಿದ್ಯುತ್ ಕಡಿತವಾಗುವ ಊರುಗಳಲ್ಲಿ ನಕಲು ಕಾರ್ಯವನ್ನು ಯುಪಿಎಸ್ ಇರುವ ಯಂತ್ರದಲ್ಲಿ ನಡೆಸುವುದು ಕ್ಷೇಮ.

ಕನ್ನಡದ ಸಂದೇಶಗಳು

ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರಗಳ ಮಿತಿಯಿದ್ದರೆ ಕನ್ನಡದಲ್ಲಿ ಅದು 70 ಮಾತ್ರ. ಕನ್ನಡಕ್ಕೆ ಬೇರೆಯದೇ ಸಂಕೇತ ಪದ್ಧತಿ ಬೇಕಾಗುವುದೇ ಇದರ ಕಾರಣ. ಹಳೆಯ ತಂತ್ರಾಂಶಗಳು ಇದನ್ನು ಸರಿಯಾಗಿ ನಿಭಾಯಿಸದೆ ಕನ್ನಡದ ಹೆಸರುಗಳ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಮೂಡಿಸುವುದುಂಟು. ಕಡತವನ್ನು ಉಳಿಸುವಾಗ ಯುಟಿಎಫ್-8 ಎಂಬ ಆಯ್ಕೆಯನ್ನು ಆರಿಸಿ, ಎಕ್ಸೆಲ್‌ನಲ್ಲಿ ತೆರೆಯುವಾಗಲೂ ಅದನ್ನೇ ಸೂಚಿಸಬೇಕು. ಪ್ರಶ್ನಾರ್ಥಕ ಚಿಹ್ನೆಗಳೊಂದಿಗೆ ಉಳಿಸಿದ ಕಡತದಿಂದ ಮೂಲ ಅಕ್ಷರಗಳನ್ನು ಮರಳಿ ಪಡೆಯಲಾಗದು. ಆದ್ದರಿಂದ ನಕಲನ್ನು ಕಣ್ಣಾರೆ ಪರಿಶೀಲಿಸುವ ತನಕ ದೂರವಾಣಿಯಲ್ಲಿರುವುದನ್ನು ಅಳಿಸಬಾರದು.

ಸಾಕ್ಷ್ಯವಾಗಿ ಹಳೆಯ ಸಂದೇಶ

ದರ ಒಪ್ಪಿದ ಸಂದೇಶ, ಬಾಕಿ ಒಪ್ಪಿಕೊಂಡ ಸಂದೇಶಗಳನ್ನು ನ್ಯಾಯಾಲಯದ ಮುಂದೆ ಇಡಬೇಕಾದ ಸಂದರ್ಭವೂ ಬರಬಹುದು. ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಗೆ ಹಿಂದೆ ಭಾರತೀಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರ ಬೇಕಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮು ಆ ಸ್ಥಾನದಲ್ಲಿದೆ. ಅದರ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಒಂದನ್ನು ದಾಖಲೆ ಸಲ್ಲಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ಕಡತ ತಿದ್ದುಪಡಿಯಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು.

ಇಲ್ಲಿ ವರ್ತಕರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಂದಿನ ಕಾನೂನನ್ನು ವಿವರಿಸುತ್ತಾ, ಮೂಲ ಸಾಧನವನ್ನೇ ಅದರ ಮಾಲೀಕ ಸಾಕ್ಷಿಕಟ್ಟೆಗೆ ಬಂದು ಹಾಜರುಪಡಿಸಿದರೆ ಪ್ರಮಾಣಪತ್ರ ಅಗತ್ಯವಿಲ್ಲವೆಂದು ಹೇಳಿತು. ಅಂದರೆ ಗಣಕಯಂತ್ರಕ್ಕೆ ನಕಲು ಮಾಡಿಕೊಂಡ ಮಾತ್ರಕ್ಕೆ ಹಳೆಯ ದೂರವಾಣಿಯ ಬೆಲೆ ಮುಗಿಯುವುದಿಲ್ಲ. ವ್ಯಾಜ್ಯವಿರುವ ದೂರವಾಣಿಯನ್ನು ರೀಸೆಟ್ ಮಾಡದೆ, ಮಾರದೆ, ಬ್ಯಾಟರಿಯನ್ನು ಬೇರ್ಪಡಿಸಿ ಜೋಪಾನವಾಗಿಡಬೇಕು. ಮುಂದಿನ ಹೆಜ್ಜೆಯನ್ನು ವಕೀಲರ ಸಲಹೆಯಂತೆ ಇಡಬೇಕು. ಸಾಮಾನ್ಯವಾಗಿ ಮಾರಿದ ಸರಕಿನ ಹಣದ ವಸೂಲಿಗೆ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ಬಹಳ ಹಳೆಯ ಬಾಕಿಗೆ ಸಂದೇಶವೊಂದರಿಂದಲೇ ಹಣ ಬರುವುದೆಂಬ ಭ್ರಮೆಯೂ ಬೇಡ.

ತೂಕದ ಯಂತ್ರಕ್ಕೂ ಇದೇ ಪಾಠ

ಈ ಸಮಸ್ಯೆ ಮೊಬೈಲಿಗೆ ಸೀಮಿತವಾದುದಲ್ಲ. ವಿದ್ಯುನ್ಮಾನ ತೂಕದ ಯಂತ್ರ, ವೇಬ್ರಿಡ್ಜ್, ಬಿಲ್ ಮುದ್ರಕ ಮುಂತಾದ ಸಾಧನಗಳಲ್ಲಿ ಅನೇಕವು ಇಂದಿಗೂ ಸೀರಿಯಲ್ ಪದ್ಧತಿಯಲ್ಲಿಯೇ ಮಾತನಾಡುತ್ತವೆ. ಅವುಗಳನ್ನು ಹೊಸ ಗಣಕಯಂತ್ರಕ್ಕೆ ಜೋಡಿಸುವ ಪರಿವರ್ತಕ ಕೇಬಲ್ಲುಗಳಲ್ಲಿಯೂ ಇರುವುದು ಮೇಲೆ ಹೇಳಿದ ಚಿಪ್ಪುಗಳೇ. ಹೊಸ ಗಣಕಯಂತ್ರ ಕೊಂಡ ಮರುದಿನ ತೂಕದ ಅಂಕಿ ಪರದೆಗೆ ಬಾರದಿದ್ದರೆ ಯಂತ್ರ ಕೆಟ್ಟಿತೆಂದು ತಿಳಿಯುವ ಮುನ್ನ ಕೇಬಲ್ಲಿನ ಗುರುತಿನ ಸಂಖ್ಯೆಯನ್ನು ನೋಡಬೇಕು. ಸಾಧನ ಕೊಳ್ಳುವಾಗಲೇ ಅದರ ಡ್ರೈವರ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತೆಗೆದಿರಿಸಿ, ಬಿಲ್ಲಿನೊಂದಿಗೆ ಕಡತದಲ್ಲಿಡುವ ಪದ್ಧತಿಯನ್ನು ಪ್ರತಿಯೊಂದು ಅಂಗಡಿಯೂ ರೂಢಿಸಿಕೊಳ್ಳಬಹುದು.

ಕಾಗದದ ಖಾತೆ ಪುಸ್ತಕವನ್ನು ಗೆದ್ದಲಿನಿಂದಲೂ ತೇವದಿಂದಲೂ ಕಾಪಾಡುವುದನ್ನು ನಮ್ಮ ವರ್ತಕ ಮನೆತನಗಳು ತಲೆತಲಾಂತರದಿಂದ ಬಲ್ಲವು. ವಿದ್ಯುನ್ಮಾನ ಖಾತೆಗೆ ಗೆದ್ದಲು ಹಿಡಿಯದಿದ್ದರೂ ಅದನ್ನು ಓದುವ ಸಾಧನವೇ ಇಲ್ಲವಾಗುವ ಅಪಾಯವುಂಟು. ದೂರವಾಣಿ ಇನ್ನೂ ಚಾಲೂ ಆಗುತ್ತಿರುವಾಗಲೇ, ಬ್ಯಾಟರಿ ಇನ್ನೂ ಚಾರ್ಜ್ ಹಿಡಿಯುತ್ತಿರುವಾಗಲೇ ಅದರೊಳಗಿನ ಲೆಕ್ಕವನ್ನು ಹೊರತೆಗೆದು, ಎರಡು ಕಡೆ ನಕಲು ಇಟ್ಟು, ಮುಖ್ಯವಾದುದನ್ನು ಕಾಗದದ ಮೇಲೂ ಮುದ್ರಿಸಿಟ್ಟುಕೊಳ್ಳುವುದು ಜಾಣ ವ್ಯಾಪಾರಿಯ ಲಕ್ಷಣ.